ಅಕ್ಕನ ಗಂಡ ನಕ್ಕ ಸಿನಿಮಾ

ಗುರುವಾರ ಮಧ್ಯಾಹ್ನ ನಮ್ಮ ನಿರ್ಮಾಪಕಿ ಇಮೋಜೆನ್ ಫೋನ್ ಮಾಡಿ, ಶನಿವಾರದ ಪರೀಕ್ಷಾ ಪ್ರದರ್ಶನ ಬೇಕರ್ಸ್‌ಫೀಲ್ಡಿನಲ್ಲಿ ಎಂದಾಗ ನಾನು ಬರ್ಬ್ಯಾಂಕಿನ ಆಫೀಸಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದೆ.

"ಬೇಕರ್ಸ್‌ಫೀಲ್ಡಾ? ಯಾಕೆ, ಲಾಸ್ ಏಂಜಲೀಸಲ್ಲಿ ಜನ ಇಲ್ವಾ?"

"ಇಲ್ಲೆಲ್ಲ ಕಾಫಿ ಕೊಡೋನೂ ಸ್ಕ್ರಿಪ್ಟ್ ಬರೀತಿರ್ತಾನೆ, ಜೊನೆಲ್. ನಮಗೆ ಸಿನಿಮಾದವರ ಗಂಧಗಾಳಿ ಇಲ್ಲದ ಜನ ಬೇಕು. ನಿಮ್ಮೂರೇ ಅಲ್ವಾ ಅದು? ಖುಷಿಪಡು."

ಖುಷಿಯಂತೆ. ಆ ಊರಿನಲ್ಲಿ ನಾಲ್ಕು ಲಕ್ಷ ಜನ ಇದ್ದಾರೆ. ಅವರಲ್ಲಿ ಇಬ್ಬರು ನನ್ನ ಅಕ್ಕ ಆರ್ಡಿತ್ ಮತ್ತು ಅವಳ ಗಂಡ ವೆಂಡೆಲ್. ಆ ವೆಂಡೆಲ್‌ನನ್ನು ಎತ್ತಿ ತಂದು ನಾನು ಬರೆದ ಸಿನಿಮಾದಲ್ಲಿ ಪಾತ್ರ ಮಾಡಿ ಕೂರಿಸಿದ್ದೆ, ಜನ ಹೊಟ್ಟೆ ಹುಣ್ಣಾಗುವಂತೆ ನಗಲಿ ಎಂದು. ಅವನಿಗೂ ಹೇಳಿರಲಿಲ್ಲ, ಅವಳಿಗೂ ಹೇಳಿರಲಿಲ್ಲ.

ಬೇಕೆಂದು ಮಾಡಿದ್ದಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೇಕೆಂದೇ ಮಾಡಿದೆ. ನಮ್ಮ ಸಿನಿಮಾ ನೂರೈವತ್ತು ವರ್ಷದ ಹಿಂದೆ ಪಾದ್ರಿಯ ಮಗಳೊಬ್ಬಳು ಬರೆದ ಕಾದಂಬರಿಯಿಂದ ಬಂದದ್ದು. ಇಬ್ಬರು ಅಕ್ಕತಂಗಿಯರು. ಚೂಟಿಯಾದ ತಂಗಿ ಸಿರಿವಂತನೊಬ್ಬನನ್ನು ಎರಡು ಸಲ ಒಲ್ಲೆ ಎಂದು ಮೂರನೆಯ ಸಲ ಒಪ್ಪುತ್ತಾಳೆ. ಸಾಧಾರಣ ರೂಪಿನ ಅಕ್ಕ ಮಾತ್ರ ಮೇಣದಬತ್ತಿ ಮಾರುವ, ಬೋರು ಹೊಡೆಸುವ ಒಬ್ಬನನ್ನು ಮದುವೆಯಾಗುತ್ತಾಳೆ. ಆಗದಿದ್ದರೆ ತಲೆಯ ಮೇಲೆ ಸೂರಿರುವುದಿಲ್ಲ. ಅದನ್ನು ಇವತ್ತಿನ ಲಾಸ್ ಏಂಜಲೀಸಿಗೆ ತಂದು ಪ್ರೇಮದ ಹಾಸ್ಯಚಿತ್ರ ಮಾಡು ಎಂದು ನನಗೆ ಕೊಟ್ಟರು. ತಂಗಿಯ ಕಥೆ ಸಲೀಸಾಗಿ ಬಂತು. ತೊಡಕು ಇದ್ದದ್ದು ಅಕ್ಕನಲ್ಲಿ. ಇವತ್ತಿನ ಹೆಂಗಸು, ಹಲ್ಲಿನ ಡಾಕ್ಟರ ಹತ್ತಿರ ಕೈತುಂಬ ಸಂಬಳದ ಕೆಲಸ, ಸ್ವಂತ ಕಾರು. ಅವಳು ಇಂಥವನನ್ನು ಯಾಕೆ ಕಟ್ಟಿಕೊಳ್ಳುತ್ತಾಳೆ? ಪ್ರತಿ ಮೀಟಿಂಗಿನಲ್ಲೂ ಇಮೋಜೆನ್ ಇದೇ ಪ್ರಶ್ನೆ ಕೇಳುತ್ತಿದ್ದಳು. ಎರಡು ವರ್ಷ ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದಿದ್ದಾಗ ನಮ್ಮ ಕಸುಬಿನವರು ಮಾಡುವುದನ್ನೇ ನಾನೂ ಮಾಡಿದೆ. ಪ್ರಶ್ನೆ ನೆನಪಾಗದಷ್ಟು ನಗಿಸಿಬಿಟ್ಟೆ.

ನಗಿಸುವುದಕ್ಕೆ ಸರಕು ಕೈಯಲ್ಲೇ ಇತ್ತು. ಆರ್ಡಿತ್ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ, ಹತ್ತು ನಿಮಿಷ ವೆಂಡೆಲ್ ಪುರಾಣ. ಈಜುಕೊಳದ ಔಷಧಿ, ಪಂಪು, ಬಲೆ ಮಾರುವ ಅಂಗಡಿ ಅವನದು. ಸಾಸ್ ಬಾಟಲಿ ತೆರೆದ ಕೂಡಲೇ ಅದರ ಮೇಲೆ ತಾರೀಖು ಬರೆಯುತ್ತಾನೆ. ಯಾರದೋ ಮದುವೆಯ ಊಟದಲ್ಲಿ ಎದ್ದು ನಿಂತು ಹನ್ನೊಂದು ನಿಮಿಷ ಕ್ಲೋರಿನ್ ಬಗ್ಗೆ ಭಾಷಣ ಮಾಡಿದ. ಮದುವೆಯಾಗು ಎಂದು ಕೇಳಿದ್ದು ಸ್ಪೇನಿನ ಕಡೆಯಿಂದ ಬಂದ ಬಾಸ್ಕ್ ಜನರ ಹೋಟೆಲಿನಲ್ಲಿ, ಸೂಪಿಗೂ ಉಪ್ಪಿನಲ್ಲಿ ಹಾಕಿದ ದನದ ನಾಲಿಗೆಯ ತಟ್ಟೆಗೂ ನಡುವೆ, ಒಂದು ಪಟ್ಟಿ ಹಿಡಿದು. ಎಡಗಡೆ ತನ್ನನ್ನು ಯಾಕೆ ಆಗಬೇಕು, ಬಲಗಡೆ ಯಾಕೆ ಬೇಡ. ಬಲಗಡೆಯ ಮೊದಲನೆಯದು: ನಾನು ಬೇಜಾರಿನ ಮನುಷ್ಯ, ನನಗೇ ಗೊತ್ತು. ಈ ಪಟ್ಟಿಯ ವಿಷಯವನ್ನು ಆರ್ಡಿತ್ ನನ್ನೊಬ್ಬಳಿಗೇ ಹೇಳಿದ್ದಳು, ಅರ್ಧ ನಗುತ್ತ, ಅರ್ಧ ಅಳುತ್ತ. ಸಿನಿಮಾದಲ್ಲಿ ಆ ಗಂಡನ ಹೆಸರು ಗ್ಯಾರಿ ಎಂದಿಟ್ಟೆ. ಅಂಗಡಿಯನ್ನು ನೀರಿನ ಫಿಲ್ಟರಿನದು ಮಾಡಿದೆ. ಬಾಸ್ಕ್ ಹೋಟೆಲ್ ಹೋಗಿ ಕೊರಿಯನ್ ಹೋಟೆಲ್ ಬಂತು, ಕಾಗದದ ಪಟ್ಟಿ ಲ್ಯಾಪ್‌ಟಾಪ್ ಏರಿತು. ಇಷ್ಟು ಮರೆಮಾಚಿದ್ದು ಸಾಕು ಅಂದುಕೊಂಡೆ. ಪಾತ್ರಗಳೆಲ್ಲ ಹಳೆಯ ಕಾದಂಬರಿಯಿಂದ ಬಂದವು ಇಲ್ಲವೇ ನನ್ನ ಕಲ್ಪನೆ, ಬದುಕಿರುವ ಯಾರನ್ನೂ ಹೋಲುವುದಿಲ್ಲ ಎಂಬ ಕಾಗದಕ್ಕೆ ಎಲ್ಲ ಬರಹಗಾರರ ಹಾಗೆ ನಾನೂ ಕಣ್ಣುಮುಚ್ಚಿ ಸಹಿ ಹಾಕಿದ್ದೆ.

ಈಗ ಆರ್ಡಿತ್‌ಗೆ ಫೋನ್ ಮಾಡಿ ಶನಿವಾರ ಮನೆಯಲ್ಲೇ ಇರು ಎನ್ನಲೂ ಬಾರದು. ಯಾಕೆ ಎಂದು ಕೇಳುತ್ತಾಳೆ. ನಾಲ್ಕು ಲಕ್ಷದಲ್ಲಿ ಮುನ್ನೂರು ಜನ, ಅವರೇ ಯಾಕೆ ಸಿಗುತ್ತಾರೆ ಎಂದು ಎರಡು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಊಟ ಸೇರಲಿಲ್ಲ.

ಶನಿವಾರ ಸಂಜೆ ಐದಕ್ಕೆ ಥಿಯೇಟರ್ ಮುಂದೆ ಸಾಲು ಬೆಳೆದಿತ್ತು. ಪ್ರದರ್ಶನ ನಡೆಸುವ ಕಂಪನಿಯವರು ವಾರವಿಡೀ ಅಂಗಡಿಗಳ ಪಾರ್ಕಿಂಗ್‌ನಲ್ಲಿ ನಿಂತು, ಹಳೆಯ ಕಾದಂಬರಿಯಿಂದ ಮಾಡಿದ ಹೊಸ ಪ್ರೇಮಚಿತ್ರ, ಬಿಟ್ಟಿ, ಎಂದು ಚೀಟಿ ಹಂಚಿದ್ದರು. ಸಿನಿಮಾದ ಹೆಸರು ಹೇಳುವ ಪದ್ಧತಿಯಿಲ್ಲ. ಮುಗಿದ ಮೇಲೆ ಬಂದವರು ಕಾರ್ಡಿನಲ್ಲಿ ಅಂಕ ಕೊಡಬೇಕು. ಇಪ್ಪತ್ತು ಜನರನ್ನು ಉಳಿಸಿಕೊಂಡು ಅಭಿಪ್ರಾಯ ಕೇಳುತ್ತಾರೆ. ನಾವು ಕೊನೆಯ ಸಾಲಿನಲ್ಲಿ ಬಾಯಿ ಹೊಲಿದುಕೊಂಡು ಕೂರಬೇಕು.

ಟೋಪಿ ಹಣೆಯವರೆಗೆ ಎಳೆದುಕೊಂಡು ಕಂಬದ ಹಿಂದೆ ನಿಂತು ಸಾಲಿನ ಒಂದು ಮುಖವನ್ನೂ ಬಿಡದೆ ನೋಡಿದೆ. ಇಲ್ಲ. ಇಲ್ಲ. ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ಕಂಡರು. ಸಾಲಿನ ಬಾಲದಲ್ಲಿ ವೆಂಡೆಲ್ ನಿಂತಿದ್ದ, ಎರಡು ಚೀಟಿಗಳನ್ನು ನೀಟಾಗಿ ಮಡಚಿ ಜೇಬಿಗಿಟ್ಟುಕೊಂಡು. ಪಕ್ಕದಲ್ಲಿ ಆರ್ಡಿತ್, ಕೂದಲಿಗೆ ಹೊಸದಾಗಿ ಬಣ್ಣ ಹಾಕಿಸಿಕೊಂಡಿದ್ದಳು.

ಬಾಗಿಲಲ್ಲಿ ಕಂಪನಿಯ ಹೆಂಗಸು ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳಿದಳು, "ನಿಮ್ಮಲ್ಲಿ ಅಥವಾ ನಿಮ್ಮ ಮನೆಯವರಲ್ಲಿ ಯಾರಾದರೂ ಸಿನಿಮಾ ಕೆಲಸದಲ್ಲಿ ಇದ್ದಾರಾ? ಇದ್ದರೆ ಒಳಗೆ ಬಿಡೋದಿಲ್ಲ."

ವೆಂಡೆಲ್ ಬಾಯಿ ತೆರೆದ. ಸುಳ್ಳು ಹೇಳುವ ಪೈಕಿಯಲ್ಲ ಅವನು. ದೇವರೇ, ಹೇಳಲಿ, ಹೊರಗೆ ಕಳಿಸಲಿ ಎಂದು ಬೇಡಿಕೊಂಡೆ. ಆದರೆ ಆರ್ಡಿತ್ ಮುಂದೆ ಬಂದು, "ಯಾರೂ ಇಲ್ಲ," ಎಂದುಬಿಟ್ಟಳು. ಆಮೇಲೆ ಗಂಡನಿಗೆ ಹೇಳಿದ್ದು ನನಗೂ ಕೇಳಿಸಿತು. "ಸುಮ್ನಿರು. ಹಳೇ ಕಾದಂಬರಿ ಅಂದ್ರಲ್ಲ, ನಮ್ಮ ಜೊನೆಲ್‌ದೇ ಇರಬೇಕು ಇದು. ಅವಳಾಗಿ ಯಾವತ್ತು ತೋರಿಸ್ತಾಳೆ ನಮಗೆ?"

ನನ್ನ ಸಿನಿಮಾ ನೋಡುವ ಆಸೆಗೆ ಬಂದಿದ್ದಾಳೆ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ದೀಪ ಆರಿತು. ನಾನು ಪರದೆ ನೋಡಲಿಲ್ಲ. ಒಂಬತ್ತನೆಯ ಸಾಲಿನ ಎರಡು ತಲೆಗಳನ್ನೇ ನೋಡುತ್ತಿದ್ದೆ. ಇಪ್ಪತ್ತನೆಯ ನಿಮಿಷಕ್ಕೆ ಗ್ಯಾರಿ ಬಂದು ಸಾಸ್ ಬಾಟಲಿಯ ಮೇಲೆ ತಾರೀಖು ಬರೆದ. ಥಿಯೇಟರ್ ಘೊಳ್ಳೆಂದಿತು. ಆರ್ಡಿತ್‌ಳ ತಲೆ ಮಿಸುಕಲಿಲ್ಲ. ಯಾರದೋ ಮದುವೆಯಲ್ಲಿ ಅವನ ಭಾಷಣ ಬಂತು, ಜನ ಕೈತಟ್ಟಿಕೊಂಡು ನಕ್ಕರು. ಆಮೇಲೆ ಪಟ್ಟಿ. ಗ್ಯಾರಿ ಲ್ಯಾಪ್‌ಟಾಪ್ ತಿರುಗಿಸಿ, ಗಂಟಲು ಸರಿಮಾಡಿಕೊಂಡು, "ಬೇಡ ಅನ್ನೋದಕ್ಕೆ ಕಾರಣ ಒಂದು. ನಾನು ಬೇಜಾರಿನ ಮನುಷ್ಯ, ನನಗೇ ಗೊತ್ತು," ಎಂದು ಓದಿದ. ಮುನ್ನೂರು ಜನ ಒಟ್ಟಿಗೆ ನಕ್ಕ ಸದ್ದಿಗೆ ಕುರ್ಚಿ ನಡುಗಿತು. ಇಮೋಜೆನ್ ಸಂತೋಷಕ್ಕೆ ನನ್ನ ತೊಡೆ ಗಿಲ್ಲಿದಳು. ಎಲ್ಲರಿಗಿಂತ ದೊಡ್ಡದಾಗಿ ನಗುತ್ತಿದ್ದವನು ವೆಂಡೆಲ್. ಮೊಣಕಾಲು ಬಡಿದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕ. ಅಯ್ಯೋ ಪೆದ್ದೇ, ನಗುತ್ತಿರುವುದು ನಿನ್ನನ್ನೇ ನೋಡಿ ಕಣೋ, ಎಂದು ಮನಸ್ಸು ಕೂಗುತ್ತಿತ್ತು. ಜೊತೆಗೇ, ನಾಚಿಕೆ ಬಿಟ್ಟು ಹೇಳುತ್ತೇನೆ, ಸದ್ಯ ಅವನಿಗೆ ತಿಳಿಯಲಿಲ್ಲವಲ್ಲ ಎಂದು ಹಾಯೆನಿಸಿತು.

ಅಭಿಪ್ರಾಯ ಹೇಳಲು ಉಳಿದ ಇಪ್ಪತ್ತರಲ್ಲಿ ಅವರಿಬ್ಬರೂ ಇದ್ದರು. ಕಂಪನಿಯ ಹೆಂಗಸು ಕೇಳಿದಳು, "ಅಕ್ಕನ ಮದುವೆ ನಿಜ ಅನ್ನಿಸ್ತಾ?"

"ಇಲ್ಲಪ್ಪ, ಅವಳ ಜಾಗದಲ್ಲಿ ನಾನಿದ್ದಿದ್ರೆ ಆ ಹೋಟೆಲಿಂದಾನೇ ಓಡಿಹೋಗ್ತಿದ್ದೆ," ಎಂದಳು ಮುಂದಿನ ಸಾಲಿನ ಹುಡುಗಿ. ಎಲ್ಲರೂ ನಕ್ಕರು.

ಆರ್ಡಿತ್ ಕೈಯೆತ್ತಿದಳು. "ಅವಳನ್ನ ಯಾರೂ ಕೇಳೇ ಇಲ್ವಲ್ಲ. ಇಡೀ ಸಿನಿಮಾದಲ್ಲಿ ತಂಗಿ ಅವಳಿಗೆ ಎಷ್ಟು ಸಲ ಫೋನ್ ಮಾಡ್ತಾಳೆ. ಒಂದ್ಸಲಾನಾದ್ರೂ ನೀನು ಸುಖವಾಗಿದೀಯಾ ಅಂತ ಕೇಳ್ತಾಳಾ?"

"ತಂಗಿ ನಿಮಗೆ ಹಿಡಿಸಲಿಲ್ವಾ?"

"ಅವಳು ತುಂಬ ಚುರುಕು," ಎಂದಳು ಆರ್ಡಿತ್. "ಹಿಡಿಸೋಕೆ ಅದೊಂದೇ ಸಾಕಾಗಲ್ಲ."

ನಾನು ಎದ್ದು ಹೊರಗೆ ಹೋದೆ. ಹೆಂಗಸರ ಶೌಚಾಲಯದಲ್ಲಿ ಮುಖ ತೊಳೆದು ತಲೆಯೆತ್ತಿದರೆ ಕನ್ನಡಿಯಲ್ಲಿ ನನ್ನ ಹಿಂದೆ ಅವಳು ನಿಂತಿದ್ದಳು.

"ಟೋಪಿ ಹಾಕ್ಕೊಂಡ್ರೆ ನಿನ್ನನ್ನ ಗುರುತು ಹಿಡಿಯಲ್ಲ ಅಂದ್ಕೊಂಡ್ಯಾ," ಎಂದಳು.

"ಆರ್ಡಿತ್, ನಾನು..."

"ಏನೂ ಹೇಳಬೇಡ. ಆ ಪಟ್ಟಿ ವಿಷಯ ನಿನಗೆ ಹೇಳಿದೋಳು ನಾನು. ತಪ್ಪು ನಂದು." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕಾಗದದ ಟವಲು ಹರಿದು ನನ್ನ ಕೈಗಿಟ್ಟಳು. "ಅವನಿಗೆ ಗೊತ್ತಾಗಿಲ್ಲ. ಪಟ್ಟಿ ಮಾಡೋದು ಒಳ್ಳೇ ಅಭ್ಯಾಸ, ನೋಡು ಆ ಮನುಷ್ಯನೂ ಮಾಡ್ತಾನೆ, ಅಂತಿದಾನೆ. ಗೊತ್ತಾಗಬಾರದು, ಜೊನೆಲ್. ಆ ಸಾಲು ಬರೆಯೋಕೆ ಅವನಿಗೆ ಮೂರು ವಾರ ಹಿಡಿದಿತ್ತಂತೆ. ಅದಕ್ಕೆ ಜನ ಹಿಂಗೆ ನಗ್ತಾರೆ ಅಂತ ತಿಳಿದ್ರೆ ಅವನು ಇನ್ನು ಬಾಯಿಬಿಟ್ಟು ಏನೂ ಹೇಳಲ್ಲ. ನಿನ್ನ ಸಿನಿಮಾ ಬಂದಾಗ ಅಂಗಡಿಯವರನ್ನೆಲ್ಲ ಕರ್ಕೊಂಡು ಹೋಗ್ತಾನೆ ಅವನು. ಅಷ್ಟರಲ್ಲಿ ಅದನ್ನ ತೆಗೆಸಿಬಿಡು. ಹೆಂಗಾದ್ರೂ ಮಾಡಿ ತೆಗೆಸು."

ತೆಗೆಸುತ್ತೇನೆ ಎಂದೆ.

ಸೋಮವಾರ ಮೀಟಿಂಗ್. ಅಂಕಗಳು ಬಂದಿದ್ದವು. ನೂರಕ್ಕೆ ತೊಂಬತ್ತನಾಲ್ಕು ಜನರಿಗೆ ಗ್ಯಾರಿ ಎಲ್ಲರಿಗಿಂತ ಹೆಚ್ಚು ಇಷ್ಟ. ನಾಯಕ ಪಾಪ ನಾಲ್ಕನೆಯವನು.

"ಇನ್ನೂ ನಾಲ್ಕು ಸೀನ್ ಬರೀ ಗ್ಯಾರಿಗೆ," ಎಂದಳು ಇಮೋಜೆನ್. "ಮರುಚಿತ್ರೀಕರಣಕ್ಕೆ ಒಪ್ಪಿಗೆ ಸಿಕ್ಕಿದೆ. ಪಟ್ಟಿಗೆ ಇನ್ನಷ್ಟು ಕಾರಣ ಸೇರಿಸು. ಟ್ರೇಲರಿನಲ್ಲಿ ಮೊದಲು ಅದೇ."

"ಅದು ಬೇಡ. ಸ್ವಲ್ಪ ಅತಿಯಾಯ್ತು."

"ತೊಂಬತ್ತನಾಲ್ಕು, ಜೊನೆಲ್. ನಿನಗೇನು ತಲೆ ಕೆಟ್ಟಿದೆಯಾ?"

ಅರ್ಧ ಗಂಟೆ ಏನೇನೋ ವಾದ ಹೂಡಿದೆ. ಮೂಲ ಕಾದಂಬರಿಗೆ ದ್ರೋಹ ಎಂದೆ, ಅಕ್ಕನ ಪಾತ್ರ ಬಡವಾಯಿತು ಎಂದೆ. ಒಂದೂ ನಾಟಲಿಲ್ಲ. ಕೊನೆಗೆ ನಿಜ ಹೇಳಿದೆ. ಗ್ಯಾರಿ ನಮ್ಮಕ್ಕನ ಗಂಡ. ಪಟ್ಟಿ ಅವನದು. ಆ ಸಾಲು ಅಕ್ಷರಶಃ ಅವನದು. ಯಾರನ್ನೂ ಹೋಲುವುದಿಲ್ಲ ಎಂಬ ಕಾಗದಕ್ಕೆ ನಾನು ಹಾಕಿದ ಸಹಿ ಸುಳ್ಳು.

ಇದಕ್ಕೆ ವಕೀಲರು ಹೆದರುತ್ತಾರೆ, ದೃಶ್ಯ ಕಿತ್ತುಹಾಕುತ್ತಾರೆ, ನನ್ನನ್ನೂ ಕಿತ್ತುಹಾಕುತ್ತಾರೆ, ಹೋಗಲಿ, ಎಂದು ನಾನು ಎಲ್ಲದಕ್ಕೂ ಸಿದ್ಧಳಾಗಿದ್ದೆ. ಇಮೋಜೆನ್ ಹೊರಗೆ ಹೋಗಿ ವಕೀಲರೊಡನೆ ಮಾತಾಡಿ ಬಂದಳು. ಮುಖ ಗೆಲುವಾಗಿತ್ತು.

"ಸುಲಭ. ಅವನ ಒಪ್ಪಿಗೆ ಪತ್ರ ಬೇಕಷ್ಟೆ. ಗ್ಯಾರಿ ನಾನೇ, ನನ್ನ ಬದುಕನ್ನ ಬಳಸಿಕೊಳ್ಳಲು ಅಡ್ಡಿಯಿಲ್ಲ ಅಂತ ಒಂದು ಸಹಿ. ನಾಳೆ ನಮ್ಮವರು ಹೋಗ್ತಾರೆ ಅವನ ಅಂಗಡಿಗೆ."

ಮುಚ್ಚಿಡು ಎಂದು ಅಕ್ಕ ಬೇಡಿಕೊಂಡಿದ್ದನ್ನು ಅವನ ಕೈಗೇ ಬರಹದಲ್ಲಿ ತಲುಪಿಸುವ ಏರ್ಪಾಟು ಮಾಡಿಕೊಟ್ಟಿದ್ದೆ ನಾನು, ನನ್ನ ಬಾಯಿಂದಲೇ.

"ನಾನೇ ಹೋಗ್ತೀನಿ," ಎಂದೆ.

"ಹೋಗು. ಸಹಿ ಸಿಗದಿದ್ರೆ ಆ ಸೀನುಗಳು ಹೋಗ್ತವೆ, ಮರುಚಿತ್ರೀಕರಣಕ್ಕೆ ಬೇರೆ ಬರಹಗಾರರು ಬರ್ತಾರೆ. ನಾನು ಏನೂ ಮಾಡೋಕಾಗಲ್ಲ. ನಿನಗೂ ಗೊತ್ತು."

ಮಂಗಳವಾರ ಗುಡ್ಡದ ದಾರಿ ಹತ್ತಿ ಇಳಿಯುವಾಗ ಎರಡು ಸಲ ಕಾರು ನಿಲ್ಲಿಸಿ ಹೊರಗೆ ನಿಂತೆ. ಹೇಗೆ ಶುರು ಮಾಡಲಿ ಎಂದು ಹತ್ತು ರೀತಿ ಮಾತು ಕಟ್ಟಿದೆ. ಮಾತು ಕಟ್ಟುವುದೇ ನನ್ನ ಕಸುಬು. ಒಂದೂ ಬಾಯಿಗೆ ಹತ್ತಲಿಲ್ಲ.

ಆ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ವೆಂಡೆಲ್ ಡಬ್ಬಗಳ ಮೇಲಿನ ದೂಳು ಒರೆಸುತ್ತಿದ್ದ. ನನ್ನನ್ನು ಕಂಡು ಸ್ಟೂಲ್ ಎಳೆದು ಹಾಕಿ, ಸೋಡಾ ತಂದುಕೊಟ್ಟ. ನಾನು ಒಪ್ಪಿಗೆ ಪತ್ರವನ್ನು ಕೌಂಟರಿನ ಮೇಲಿಟ್ಟೆ. ಅವನು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಧಾನವಾಗಿ ಓದಿದ.

"ಪೆನ್ನಿದೆಯಾ?" ಎಂದ.

"ವೆಂಡೆಲ್, ಓದಿದ್ಯಾ? ಅದರಲ್ಲಿ ಏನಿದೆ ಅಂತ..."

"ಓದಿದೆ. ಗ್ಯಾರಿ ಅನ್ನೋನು ನಾನು ಅಂತಿದೆ. ಅದು ಥಿಯೇಟರಲ್ಲೇ ಗೊತ್ತಾಯ್ತಲ್ಲ. ಬಾಟಲಿ ಮೇಲೆ ತಾರೀಖು ಹಾಕ್ದಾಗಲೇ."

"ಮತ್ತೆ ಅಷ್ಟು ನಕ್ಕೆಯಲ್ಲ?"

"ಆರ್ಡಿತ್ ನಗಲಿಲ್ವಲ್ಲ." ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. "ಪಕ್ಕಕ್ಕೆ ನೋಡಿದೆ. ಕುರ್ಚಿ ಕೈನ ಗಟ್ಟಿ ಹಿಡ್ಕೊಂಡಿದ್ಲು, ನನ್ನ ಕಡೆ ತಿರುಗೋಕೂ ಹೆದರಿಕೆ. ಪಟ್ಟಿ ವಿಷಯ ನಿನಗೆ ಹೇಳಿದ್ದು ಅವಳೇ ತಾನೇ, ಇನ್ಯಾರು ಹೇಳ್ತಾರೆ? ನನಗೆ ತಿಳೀತು ಅಂತ ಅವಳಿಗೆ ತಿಳಿದ್ರೆ ಸಾಯೋವರೆಗೂ ಕೊರಗ್ತಾಳೆ. ಅವಳ ಸ್ವಭಾವ ನಿನಗೆ ಗೊತ್ತಲ್ಲ. ನನಗೆ ಇನ್ನೇನೂ ತೋಚಲಿಲ್ಲ, ನಗೋಕೆ ಶುರು ಮಾಡ್ದೆ. ಚೆನ್ನಾಗೇ ನಕ್ಕೆ ಅಲ್ವಾ?"

ಅವತ್ತು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದನ್ನು ನಾನು ನಗು ಅಂದುಕೊಂಡಿದ್ದೆ.

"ನಿನಗೆ ನೋವಾಗಲಿಲ್ವಾ?" ಎಂದೆ. ಎಂಥ ಪೆದ್ದು ಪ್ರಶ್ನೆ.

"ಆಯ್ತು," ಎಂದ ಅವನು. "ಆದರೆ ಅದು ನನಗೆ ತಾನೇ ಆಗಿದ್ದು. ಅವಳಿಗೆ ಹೇಳಬೇಡ, ಜೊನೆಲ್. ನನಗೆ ಏನೂ ತಿಳಿದಿಲ್ಲ ಅಂತಾನೇ ಇರಲಿ. ಈ ಕಾಗದಾನೂ ಮನೆಗೆ ಬರಬಾರದು."

ಎರಡು ವರ್ಷ ನಾನು ಹುಡುಕಿದ ದೃಶ್ಯ ಎದುರಿಗೆ ಸೋಡಾ ಬಾಟಲಿ ಸರಿಸುತ್ತ ನಿಂತಿತ್ತು. ಅವಳು ಇವನನ್ನು ಯಾಕೆ ಮದುವೆಯಾದಳು ಎಂದು ಇನ್ನು ಯಾರಿಗೂ ಕೇಳುವ ಅಗತ್ಯವಿರಲಿಲ್ಲ. ಬರೆದರೆ ಆ ಸಿನಿಮಾ ಎಲ್ಲಿಗೋ ಹೋಗುತ್ತಿತ್ತು. ಬರೆದರೆ ಆರ್ಡಿತ್ ನೋಡುತ್ತಿದ್ದಳು, ನೋಡಿದ ಗಳಿಗೆಯಲ್ಲೇ ಎಲ್ಲ ತಿಳಿಯುತ್ತಿದ್ದಳು. ನನ್ನ ತಲೆ ಆಗಲೇ ಮಾತುಗಳನ್ನು ಜೋಡಿಸಲು ಹೊರಟಿತ್ತು, ಅದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು.

ವೆಂಡೆಲ್ ಸಹಿ ಹಾಕಿ, ಕೆಳಗೆ ತಾರೀಖು ಬರೆದು, ಕಾಗದವನ್ನು ನನ್ನ ಕಡೆ ತಿರುಗಿಸಿಟ್ಟ. "ನಿನ್ನ ಕೆಲಸಕ್ಕೆ ತೊಂದರೆ ಆಗಬಾರದು. ಆರ್ಡಿತ್ ಊರೆಲ್ಲ ಹೇಳ್ಕೊಂಡು ಬರ್ತಾಳೆ, ತಂಗಿ ಸಿನಿಮಾ ಬರೀತಾಳೆ ಅಂತ. ಅದು ಬಿಡುಗಡೆ ಆದಾಗ ಅಂಗಡಿಯವರೆಲ್ಲ ಬರ್ತಾರೆ, ಚರ್ಚಿನವರೂ ಬರಬಹುದು. ಇನ್ನೊಂದ್ಸಲ ನಗ್ಬೇಕು ಅಷ್ಟೆ. ಈಗ ಅಭ್ಯಾಸ ಆಗಿದೆ."

ಅವನಿಗೆ ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ. ಕಾರಿನಲ್ಲಿ ಕೂತು ಬೀಗದ ಕೈ ತಿರುಗಿಸುವಷ್ಟರಲ್ಲಿ ಫೋನ್ ಬಂತು. ಇಮೋಜೆನ್.

"ಏನಾಯ್ತು? ಹಾಕಿದ್ನಾ?"

ಕಾಗದ ಪಕ್ಕದ ಸೀಟಿನ ಮೇಲಿತ್ತು. ಅಂಗಡಿಯ ಗಾಜಿನಾಚೆ ವೆಂಡೆಲ್ ಮತ್ತೆ ಡಬ್ಬ ಒರೆಸಲು ಹೋಗಿದ್ದ.

"ಇಲ್ಲ," ಎಂದೆ.

"ಇಲ್ಲ ಅಂದ್ರೆ? ಏನಂದ?"

"ಕೆಂಡಾಮಂಡಲ ಆದ. ಬಾಯಿಗೆ ಬಂದ ಹಾಗೆ ಬೈದು, ಕಾಗದ ಹರಿದು ಮುಖದ ಮೇಲೆ ಎಸೆದ. ಇನ್ನೊಂದ್ಸಲ ಯಾರಾದ್ರೂ ಅಂಗಡಿ ಮೆಟ್ಟಿಲು ಹತ್ತಿದ್ರೆ ಕೋರ್ಟಿಗೆ ಎಳೀತೀನಿ ಅಂದ. ಯಾರನ್ನೂ ಕಳಿಸಬೇಡ, ಇಮೋಜೆನ್. ಭಾರಿ ಒರಟ ಅವನು."

"ಹಾಗಾದ್ರೆ ಮುಗೀತು ಜೊನೆಲ್," ಎಂದು ಫೋನ್ ಇಟ್ಟಳು. ನಾನು ಕಾಗದವನ್ನು ನಾಲ್ಕಾಗಿ ಹರಿದೆ. ಕಾರು ಹೊರಡುವುದನ್ನು ನೋಡಿ ವೆಂಡೆಲ್ ಬಾಗಿಲಿಗೆ ಬಂದ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡೇ ಟಾಟಾ ಮಾಡಿದ.